ದೇಶಕ್ಕೊಂದು ಲೆಕ್ಕ, ಊರಿಗೊಂದು ಗಡಿಯಾರ

ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು. ಇದು ಬೆಂಗಳೂರಿನಲ್ಲೂ ನಿಜ, ಬೀಜಿಂಗಿನಲ್ಲೂ ನಿಜ. ಆದರೆ ಆ ನಾಲ್ಕನ್ನು ಬರೆಯುವಾಗ, ಎಣಿಸುವಾಗ, ಉಡುಗೊರೆಯಾಗಿ ಕೊಡುವಾಗ ಒಂದೊಂದು ದೇಶದವರು ಒಂದೊಂದು ದಾರಿ ಹಿಡಿಯುತ್ತಾರೆ. ನಮಗೆ ದಿನನಿತ್ಯದ ಸಂಗತಿ ಅನ್ನಿಸುವುದು ಹೊರದೇಶದವರಿಗೆ ಸೋಜಿಗ. ಅವರ ರೂಢಿ ನಮಗೆ ಸೋಜಿಗ.

ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಅಂಕಿ, ತಾರೀಖು, ನೋಟುಗಳ ನಡುವೆಯೇ ವರ್ಷಗಳನ್ನು ಕಳೆದ ನನಗೆ ಇಂಥ ಸಂಗತಿಗಳನ್ನು ಕೂಡಿಡುವ ಹುಚ್ಚು. ಅವುಗಳಲ್ಲಿ ಕೆಲವನ್ನು ಮಕ್ಕಳಿಗೂ ಅವರ ಅಜ್ಜ-ಅಜ್ಜಿಯರಿಗೂ ಇಲ್ಲಿ ಹೇಳುತ್ತೇನೆ. ಓದುವಾಗ ನಗು ಬಂದರೆ ಧಾರಾಳವಾಗಿ ನಗಿ. ನಕ್ಕ ಮೇಲೆ ಮಾತ್ರ ‘ಇದು ಹೀಗೇಕೆ?’ ಎಂದು ಒಮ್ಮೆ ಕೇಳಿಕೊಳ್ಳಿ. ಹುಡುಕಿದರೆ ಸಾಮಾನ್ಯವಾಗಿ ಒಂದು ಕಾರಣ ಸಿಕ್ಕೇ ಸಿಗುತ್ತದೆ.

ಅಲ್ಪವಿರಾಮ ಎಲ್ಲಿ ಹಾಕಬೇಕು?

ಒಂದು ಲಕ್ಷವನ್ನು ನಾವು 1,00,000 ಎಂದು ಬರೆಯುತ್ತೇವೆ. ಬಲಗಡೆಯಿಂದ ಮೊದಲು ಮೂರು ಅಂಕಿ ಬಿಟ್ಟು ಒಂದು ಅಲ್ಪವಿರಾಮ, ಆಮೇಲೆ ಎರಡೆರಡು ಅಂಕಿಗೆ ಒಂದೊಂದು. ಅಮೆರಿಕದವರು ಅದನ್ನೇ 100,000 ಎಂದು ಬರೆಯುತ್ತಾರೆ. ಅವರಿಗೆ ಯಾವಾಗಲೂ ಮೂರುಮೂರೇ. ನಮ್ಮ ಪತ್ರಿಕೆಯಲ್ಲಿ 12,50,000 ಎಂದು ನೋಡಿದರೆ ಅದು ಅಚ್ಚಿನ ದೋಷ ಎಂದೇ ಅವರಿಗೆ ತೋರಬಹುದು.

ಕಾರಣ ಸರಳ. ಸಾವಿರ ದಾಟಿದ ಮೇಲೆ ನಮ್ಮದು ನೂರರ ಮೆಟ್ಟಿಲು. ನೂರು ಸಾವಿರ ಸೇರಿದರೆ ಲಕ್ಷ, ನೂರು ಲಕ್ಷ ಸೇರಿದರೆ ಕೋಟಿ. ಅವರದು ಸಾವಿರದ ಮೆಟ್ಟಿಲು. ಸಾವಿರ ಸಾವಿರ ಸೇರಿದರೆ ಮಿಲಿಯನ್. ಬಾಯಲ್ಲಿ ಹೇಳುವಂತೆ ಕೈ ಬರೆಯುತ್ತದೆ, ಅಷ್ಟೆ. ಚೀನಾ ಮತ್ತು ಜಪಾನಿನವರ ಮಾತಿನಲ್ಲಿ ಮೆಟ್ಟಿಲು ಇನ್ನೂ ಬೇರೆ. ಅಲ್ಲಿ ಹತ್ತು ಸಾವಿರಕ್ಕೇ ಒಂದು ಹೆಸರಿದೆ. ಚೀನಾದಲ್ಲಿ ಅದು ‘ವಾನ್’, ಜಪಾನಿನಲ್ಲಿ ‘ಮಾನ್’. ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್, ನಮ್ಮ ಒಂದು ಕೋಟಿ ಸಾವಿರ ವಾನ್.

ಜರ್ಮನಿಯಲ್ಲಂತೂ ಚುಕ್ಕಿ ಮತ್ತು ಅಲ್ಪವಿರಾಮ ಜಾಗವನ್ನೇ ಬದಲಾಯಿಸಿಕೊಂಡಿವೆ. ಅಲ್ಲಿ ಸಾವಿರದ ಗುರುತಿಗೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಅಂಗಡಿಯಲ್ಲಿ ಬ್ರೆಡ್ಡಿನ ಮೇಲೆ 1,50 ಯೂರೋ ಎಂದು ಬರೆದಿದ್ದರೆ ಗಾಬರಿ ಬೇಡ. ಅದು ಒಂದೂವರೆ ಯೂರೋ.

ದಿನ ಮೊದಲೋ, ತಿಂಗಳು ಮೊದಲೋ?

5/6 ಎಂದರೆ ಯಾವ ದಿನ? ‘ಜೂನ್ ಐದು’ ಎನ್ನುತ್ತೀರಿ. ಅಮೆರಿಕದ ಮಕ್ಕಳನ್ನು ಕೇಳಿದರೆ ‘ಮೇ ಆರು’ ಎನ್ನುತ್ತಾರೆ. ನಾವು ದಿನವನ್ನು ಮೊದಲು ಬರೆದರೆ ಅವರು ತಿಂಗಳನ್ನು ಮೊದಲು ಬರೆಯುತ್ತಾರೆ. ಚೀನಾ, ಜಪಾನ್, ಕೊರಿಯಾ, ಹಂಗೇರಿಗಳಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ತಮಾಷೆ ಏನೆಂದರೆ, ತಿಂಗಳು ಮೊದಲು ಹೇಳುವ ಅಮೆರಿಕದವರೂ ತಮ್ಮ ಸ್ವಾತಂತ್ರ್ಯ ದಿನವನ್ನು ಮಾತ್ರ ‘ಫೋರ್ತ್ ಆಫ್ ಜುಲೈ’ ಎಂದೇ ಕರೆಯುತ್ತಾರೆ.

ಇದು ಬರೀ ತಮಾಷೆಯೂ ಅಲ್ಲ. ನಮ್ಮಲ್ಲಿ ಒಂದು ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ. 2012ರ ಏಪ್ರಿಲ್ 1ಕ್ಕೆ ಮೊದಲು ಆರು ತಿಂಗಳಿತ್ತು. ದಿನ ಮತ್ತು ತಿಂಗಳು ಅದಲುಬದಲಾದರೆ ನಡೆಯಬೇಕಾದ ಚೆಕ್ಕೂ ನಡೆಯುವುದಿಲ್ಲ. ಅಮೆರಿಕದಲ್ಲಿರುವ ಮೊಮ್ಮಗಳು ‘03/04ರಂದು ಬರುತ್ತೇನೆ’ ಎಂದು ಬರೆದರೆ, ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂದು ಅಜ್ಜ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿಂದ ತಂದ ಔಷಧದ ಡಬ್ಬಿಯ ಮೇಲಿನ ತಾರೀಖನ್ನಂತೂ ಎರಡು ಸಲ ನೋಡಲೇಬೇಕು.

ಒಂದೇ ತಿಂಗಳಿಗೆ ಎಷ್ಟು ವರ್ಷ!

2020ರ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ. ಕೊರೊನಾ ಬಂದು ಲೋಕವೇ ಬಾಗಿಲು ಹಾಕಿಕೊಂಡಿದ್ದ ಕಾಲ. ಆಗ ಯಾವ ವರ್ಷ ನಡೆಯುತ್ತಿತ್ತು ಎಂದು ಬೇರೆ ಬೇರೆ ದೇಶಗಳಲ್ಲಿ ವಿಚಾರಿಸಿದ್ದರೆ ಸಿಗುತ್ತಿದ್ದ ಉತ್ತರಗಳು ಇವು:

ಥಾಯ್ಲೆಂಡಿನಲ್ಲಿ 2563. ಅವರು ಬುದ್ಧನ ಶಕೆಯನ್ನು ಬಳಸುತ್ತಾರೆ. ನಮ್ಮ ಕ್ಯಾಲೆಂಡರಿನ ವರ್ಷಕ್ಕೆ 543 ಕೂಡಿಸಿದರೆ ಅವರ ವರ್ಷ.

ನೇಪಾಳದಲ್ಲಿ 2077. ಅದು ವಿಕ್ರಮ ಸಂವತ್. ಏಪ್ರಿಲ್ ನಡುವಿನಲ್ಲಿ ಅವರ ಹೊಸ ವರ್ಷ.

ಇಥಿಯೋಪಿಯಾದಲ್ಲಿ 2012. ಅವರು ನಮಗಿಂತ ಏಳೆಂಟು ವರ್ಷ ಹಿಂದೆ. ಇಡೀ ಲೋಕ 2000ನೇ ಇಸವಿಯನ್ನು ಬರಮಾಡಿಕೊಂಡು ಮರೆತ ಮೇಲೆ, 2007ರ ಸೆಪ್ಟೆಂಬರ್ 12ರಂದು ಅವರು ತಮ್ಮ 2000ವನ್ನು ಸಂಭ್ರಮದಿಂದ ಆಚರಿಸಿದರು. ಅವರ ವರ್ಷಕ್ಕೆ 13 ತಿಂಗಳು. ಹನ್ನೆರಡು ತಿಂಗಳಿಗೆ ತಲಾ 30 ದಿನ, ಉಳಿದ ಐದಾರು ದಿನಗಳದ್ದೇ ಒಂದು ಪುಟ್ಟ ತಿಂಗಳು. ಪ್ರವಾಸಿಗಳನ್ನು ಕರೆಯುವಾಗ ‘ಹದಿಮೂರು ತಿಂಗಳ ಬಿಸಿಲಿನ ನಾಡು’ ಎಂದೇ ಅವರು ಹೇಳಿಕೊಳ್ಳುತ್ತಿದ್ದರು.

ಜಪಾನಿನಲ್ಲಿ ರೇವಾ 2. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದರೆ ಅಲ್ಲಿ ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು. ‘ರೇವಾ’ ಶುರುವಾದದ್ದು 2019ರ ಮೇ 1ರಂದು.

ಇವರನ್ನೆಲ್ಲ ಕಂಡು ಬೆರಗಾಗುವ ಮೊದಲು ನಮ್ಮ ಮನೆಯನ್ನೂ ನೋಡೋಣ. ಅದೇ ಮೇ ತಿಂಗಳಲ್ಲಿ ಅಜ್ಜಿಯ ಪಂಚಾಂಗದ ಪ್ರಕಾರ ಶಾರ್ವರಿ ಸಂವತ್ಸರ, ಭಾರತ ಸರ್ಕಾರದ ರಾಷ್ಟ್ರೀಯ ಕ್ಯಾಲೆಂಡರಿನ ಪ್ರಕಾರ ಶಕವರ್ಷ 1942. 1957ರ ಮಾರ್ಚ್ 22ರಿಂದ ಶಕವರ್ಷ ನಮ್ಮ ರಾಷ್ಟ್ರೀಯ ಕ್ಯಾಲೆಂಡರ್. ಚೆಕ್ಕಿನ ಮೇಲೆ ಶಕವರ್ಷದ ತಾರೀಖು ಬರೆದಿದ್ದರೂ, ಉಳಿದೆಲ್ಲ ಸರಿಯಿದ್ದರೆ ಬ್ಯಾಂಕು ಅದನ್ನು ಒಪ್ಪಬೇಕು ಎಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. ಹಾಗೆ ಬರೆದವರನ್ನು ನೋಡುವುದು ಅಪರೂಪ, ಆ ಮಾತು ಬೇರೆ.

ಈಗ ಗಂಟೆ ಎಷ್ಟು?

ಇಥಿಯೋಪಿಯಾದಲ್ಲಿ ಬೆಳಗ್ಗೆ ಏಳು ಗಂಟೆಗೆ ಯಾರನ್ನಾದರೂ ಹೊತ್ತು ಕೇಳಿದರೆ ‘ಒಂದು ಗಂಟೆ’ ಎಂದಾರು. ಅವರ ಮಾತಿನಲ್ಲಿ ದಿನ ಶುರುವಾಗುವುದು ನಡುರಾತ್ರಿಯಲ್ಲಲ್ಲ, ಬೆಳಗಾದಾಗ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ನಾಡಾದ್ದರಿಂದ ವರ್ಷವಿಡೀ ಸೂರ್ಯ ಸುಮಾರು ಆರಕ್ಕೇ ಹುಟ್ಟುತ್ತಾನೆ. ಹಾಗಾಗಿ ಈ ಲೆಕ್ಕ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಇದು ನಮಗೇನೂ ಹೊಸದಲ್ಲ. ಪಂಚಾಂಗದ ಘಳಿಗೆಯ ಲೆಕ್ಕವೂ ಸೂರ್ಯೋದಯದಿಂದಲೇ. ಒಂದು ಘಳಿಗೆಗೆ 24 ನಿಮಿಷ, ಒಂದು ದಿನಕ್ಕೆ 60 ಘಳಿಗೆ. ಗುಣಿಸಿ ನೋಡಿ, ಸರಿಯಾಗಿ 24 ಗಂಟೆ ಬರುತ್ತದೆ.

ಬಹಳ ದೇಶಗಳ ಗಡಿಯಾರಗಳ ನಡುವಿನ ಅಂತರ ಪೂರ್ತಿ ಗಂಟೆಗಳಲ್ಲಿರುತ್ತದೆ. ನಮ್ಮದರಲ್ಲಿ ಅರ್ಧ ಗಂಟೆ ಸೇರಿಕೊಂಡಿದೆ. ಲಂಡನ್ನಿನ ಗ್ರೀನಿಚ್ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ನೇಪಾಳ ನಮಗಿಂತಲೂ ಕಾಲು ಗಂಟೆ ಮುಂದೆ. ನಮ್ಮ ಈ ಅರ್ಧ ಗಂಟೆಯಿಂದ ಒಂದು ಮೋಜೂ ಇದೆ. ಮಧ್ಯಾಹ್ನ ಮೂರು ಗಂಟೆಗೆ ಅಜ್ಜನ ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿ ಹಿಡಿಯಿರಿ. ಅದು ಒಂಬತ್ತೂವರೆ ತೋರಿಸುತ್ತದೆ. ಚಳಿಗಾಲದಲ್ಲಿ ಲಂಡನ್ನಿನಲ್ಲಿ ಆಗ ಬೆಳಗ್ಗೆ ಒಂಬತ್ತೂವರೆಯೇ!

ಚಳಿಗಾಲದಲ್ಲಿ ಎಂದೇಕೆ ಹೇಳಿದೆ? ಬೇಸಿಗೆಯ ಬೆಳಕನ್ನು ಹೆಚ್ಚು ಬಳಸಿಕೊಳ್ಳಲು ಬ್ರಿಟನ್ನಿನವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲೂ ಈ ಪದ್ಧತಿಯಿದೆ, ದಿನಗಳು ಮಾತ್ರ ಬೇರೆ. ವಾರವಾರವೂ ಇದೇ ಹೊತ್ತಿಗೆ ಬರುತ್ತಿದ್ದ ಮಗನ ಫೋನು ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ ಒಂದು ಗಂಟೆ ಮೊದಲೇ ಬಂದರೆ, ಅಜ್ಜಿಯರೇ, ಕಾರಣ ಇದು.

ಚೀನಾ ಎಷ್ಟು ಅಗಲವಾದ ದೇಶ! ಆದರೂ ಅಲ್ಲಿ ಇಡೀ ದೇಶಕ್ಕೆ ಬೀಜಿಂಗಿನ ಗಡಿಯಾರವೊಂದೇ. ಭೂಪಟ ತೆಗೆದು ನಮ್ಮ ದಾವಣಗೆರೆಯಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಬೆರಳು ಸರಿಸಿ. ಹಿಮಾಲಯ ದಾಟಿದ ಮೇಲೆ ಚೀನಾದ ಪಶ್ಚಿಮದ ಅಂಚಿನಲ್ಲಿ ಕಾಶ್ಗರ್ ಎಂಬ ಊರು ಸಿಗುತ್ತದೆ. ಎರಡೂ ಊರಿನ ನಡುನೆತ್ತಿಗೆ ಸೂರ್ಯ ಒಂದೇ ಹೊತ್ತಿಗೆ ಬರುತ್ತಾನೆ. ಆದರೆ ದಾವಣಗೆರೆಯ ಗಡಿಯಾರದಲ್ಲಿ 12 ಹೊಡೆದಾಗ ಬೀಜಿಂಗಿನ ಲೆಕ್ಕದಲ್ಲಿ ಎರಡೂವರೆ. ಹೀಗಾಗಿ ಚಳಿಗಾಲದಲ್ಲಿ ಕಾಶ್ಗರಿನಲ್ಲಿ ಬೆಳಗಾಗುವಾಗ ಆ ಗಡಿಯಾರದಲ್ಲಿ ಹತ್ತರ ಹೊತ್ತು.

ಇನ್ನು ಶಾಂತಸಾಗರದ ಸಮೋವಾ ದ್ವೀಪದವರು ಒಂದು ದಿನವನ್ನೇ ಕ್ಯಾಲೆಂಡರಿನಿಂದ ಕಿತ್ತುಹಾಕಿದರು. 2011ರ ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31, ಶನಿವಾರ. ವ್ಯಾಪಾರ ಹೆಚ್ಚಾಗಿ ನಡೆಯುತ್ತಿದ್ದದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜೊತೆ. ಅಲ್ಲಿ ಸೋಮವಾರ ಕೆಲಸ ಶುರುವಾದಾಗ ಇಲ್ಲಿ ಇನ್ನೂ ಭಾನುವಾರ. ಅದನ್ನು ಸರಿಪಡಿಸಲು ದಿನರೇಖೆಯ ಆಚೆ ಬದಿಗೆ ಹಾರಿಕೊಂಡರು. ಆ ವರ್ಷ ಡಿಸೆಂಬರ್ 30ರಂದು ಹುಟ್ಟುಹಬ್ಬವಿದ್ದ ಮಕ್ಕಳ ಪಾಡು ಏನಾಯಿತೋ!

ವಯಸ್ಸು ಕೇಳಿದರೆ

ದಕ್ಷಿಣ ಕೊರಿಯಾದ ಹಳೆಯ ಲೆಕ್ಕದಲ್ಲಿ ಮಗು ಹುಟ್ಟಿದ ದಿನವೇ ಅದಕ್ಕೆ ಒಂದು ವರ್ಷ. ಆಮೇಲೆ ಪ್ರತಿ ಜನವರಿ 1ರಂದು ಎಲ್ಲರಿಗೂ ಒಟ್ಟಿಗೇ ಒಂದು ವರ್ಷ ಹೆಚ್ಚು. ಡಿಸೆಂಬರ್ 31ರಂದು ಹುಟ್ಟಿದ ಕೂಸಿಗೆ ಮಾರನೆಯ ದಿನವೇ ಎರಡು ವರ್ಷ! 2023ರ ಜೂನ್ 28ರಿಂದ ಸರ್ಕಾರಿ ಕೆಲಸಗಳಿಗೆ ಉಳಿದ ಲೋಕದ ಲೆಕ್ಕವನ್ನೇ ಬಳಸಬೇಕೆಂದು ಅಲ್ಲಿ ಕಾನೂನು ಬಂದಿದೆ. ನಮ್ಮ ಹಿರಿಯರೂ ‘ಏಳು ತುಂಬಿ ಎಂಟರಲ್ಲಿದ್ದಾನೆ’ ಎನ್ನುತ್ತಾರಲ್ಲ, ಅದರಲ್ಲೂ ನಡೆಯುತ್ತಿರುವ ವರ್ಷಕ್ಕೆ ಬೆಲೆ ಕೊಡುವ ಇಂಥದೇ ಭಾವವಿದೆ.

ಅಜ್ಜಂದಿರಿಗೆ ಇನ್ನೊಂದು ಸಿಹಿ ಸುದ್ದಿ. ಅರವತ್ತು ತುಂಬಿದಾಗ ನಾವು ಷಷ್ಟ್ಯಬ್ದಿ ಮಾಡುತ್ತೇವೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು ಸುತ್ತಿ, ಹುಟ್ಟಿದಾಗ ಇದ್ದ ಸಂವತ್ಸರವೇ ಮತ್ತೆ ಬರುತ್ತದೆ ಎಂಬ ಸಂತೋಷ ಅದು. ಕೊರಿಯಾದಲ್ಲೂ ಅರವತ್ತಕ್ಕೆ ‘ಹ್ವಾನ್‌ಗಾಪ್’ ಎಂಬ ಸಮಾರಂಭವಿದೆ. ಜಪಾನಿನಲ್ಲಿ ಅದು ‘ಕಾನ್ರೆಕಿ’. ಅರವತ್ತಾದ ಅಜ್ಜನಿಗೆ ಅಲ್ಲಿ ಕೆಂಪು ಟೊಪ್ಪಿಗೆ, ತೋಳಿಲ್ಲದ ಕೆಂಪು ಅಂಗಿ ತೊಡಿಸುತ್ತಾರೆ, ಮತ್ತೆ ಮಗುವಾದನೆಂದು. ಅವರ ವರ್ಷಗಳ ಹೆಸರಿಗೆ ಹತ್ತರದ್ದೊಂದು ಸಾಲು, ಹನ್ನೆರಡರದ್ದೊಂದು ಸಾಲು. ಎರಡೂ ಒಟ್ಟಿಗೆ ಸುತ್ತಿ ಮೊದಲಿನ ಜಾಗಕ್ಕೆ ಬರಲು ಎಷ್ಟು ವರ್ಷ ಬೇಕು? 10 ಮತ್ತು 12ರ ಲ.ಸಾ.ಅ. ಕಂಡುಹಿಡಿಯಿರಿ. ಅರವತ್ತೇ!

ಮುಯ್ಯಿಯ ಲಕೋಟೆಯಲ್ಲಿ ಎಷ್ಟು?

ನಮ್ಮ ಮದುವೆಗಳಿಗೆ ಬಂದ ಹೊರದೇಶದವರು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: ಲಕೋಟೆಗೆ ಒಂದು ರೂಪಾಯಿಯ ನಾಣ್ಯವನ್ನು ಏಕೆ ಅಂಟಿಸಿದ್ದಾರೆ? ನೂರು ಕೊಟ್ಟರೆ ಸೊನ್ನೆಯಲ್ಲಿ ಮುಗಿಯಿತು. ನೂರೊಂದು ಕೊಟ್ಟರೆ ಮತ್ತೆ ಶುರುವಾಯಿತು. ಆ ಒಂದು ರೂಪಾಯಿ ಬೀಜವಿದ್ದಂತೆ, ಬೆಳೆಯಲಿ ಎಂಬ ಹಾರೈಕೆ. 101, 501, 1001ನ್ನು ಎರಡು ಸಮಪಾಲು ಮಾಡಲಾಗದು ಎಂಬ ಕಾರಣವನ್ನೂ ಹೇಳುತ್ತಾರೆ.

ಜಪಾನಿನ ಮದುವೆಗೆ ಹೋದರೆ 30,000 ಯೆನ್ ಕೊಡುವುದು ವಾಡಿಕೆ, 20,000 ಕೊಡಲು ಹಿಂಜರಿಯುತ್ತಾರೆ. ಎರಡನ್ನು ಸಮವಾಗಿ ಒಡೆಯಬಹುದು, ಗಂಡ-ಹೆಂಡತಿ ಹಾಗೆ ಬೇರೆಯಾಗಬಾರದು ಎಂಬ ಭಾವನೆ. ಪಕ್ಕದ ಚೀನಾದಲ್ಲಿ ಇದಕ್ಕೆ ತಿರುವುಮುರುವು. ಮದುವೆಯ ಕೆಂಪು ಲಕೋಟೆಯಲ್ಲಿ ಸಮಸಂಖ್ಯೆಯೇ ಇರಬೇಕು. ಒಳ್ಳೆಯದು ಜೋಡಿಯಾಗಿ ಬರಲಿ ಎಂಬುದು ಅವರ ಆಸೆ. ನೋಡಿ, ಒಬ್ಬರಿಗೆ ಬೆಸ ಬೇಕು, ಒಬ್ಬರಿಗೆ ಸಮ ಬೇಕು, ನಮಗೆ ಮೇಲೊಂದು ಬೇಕು. ಮೂವರ ಮನಸ್ಸಿನಲ್ಲಿರುವುದು ಮಾತ್ರ ಒಂದೇ: ಈ ಜೋಡಿ ಸುಖವಾಗಿರಲಿ.

ನೋಟಿನ ವಿಷಯದಲ್ಲೂ ಜಪಾನಿನವರು ಬಲು ನಾಜೂಕು. ಮದುವೆಗೆ ಗರಿಗರಿಯಾದ ಹೊಸ ನೋಟು ಬೇಕು, ‘ನಿಮ್ಮ ಶುಭದಿನಕ್ಕೆ ಮೊದಲೇ ಸಿದ್ಧನಾಗಿದ್ದೆ’ ಎಂದು ತೋರಿಸಲು. ಸಾವಿನ ಮನೆಗೆ ಕೊಡುವಾಗ ಹೊಸ ನೋಟು ಕೂಡದು. ಸಾವಿಗೆ ಕಾದು ಕೂತಿದ್ದಂತೆ ಆದೀತಲ್ಲ! ಮದುವೆ, ಮುಂಜಿ, ದೀಪಾವಳಿ ಬಂತೆಂದರೆ ಹೊಸ ನೋಟಿನ ಕಟ್ಟಿಗಾಗಿ ನಮ್ಮ ಬ್ಯಾಂಕುಗಳ ಕೌಂಟರಿನಲ್ಲೂ ಜನ ಮುತ್ತಿಕೊಳ್ಳುವುದನ್ನು ಕಂಡವರಿಗೆ ಇದರ ಅರ್ಧ ಭಾಗವಾದರೂ ಕೂಡಲೇ ಅರ್ಥವಾಗುತ್ತದೆ.

ನಾಲ್ಕನೇ ಮಹಡಿ ಎಲ್ಲಿ ಹೋಯಿತು?

ಕೊರಿಯಾದ ಎಷ್ಟೋ ಲಿಫ್ಟುಗಳಲ್ಲಿ 3 ಆದ ಮೇಲೆ 4ರ ಬದಲು ‘ಎಫ್’ ಎಂಬ ಇಂಗ್ಲಿಷ್ ಅಕ್ಷರವಿರುತ್ತದೆ. ಚೀನಾ, ಜಪಾನ್, ಕೊರಿಯಾದ ಭಾಷೆಗಳಲ್ಲಿ ನಾಲ್ಕು ಎಂಬ ಮಾತೂ ಸಾವು ಎಂಬ ಮಾತೂ ಒಂದೇ ತರಹ ಕೇಳುತ್ತವೆ. ಅದಕ್ಕೆ ಈ ಅಂಜಿಕೆ. ಚೀನಾದವರಿಗೆ 8 ಬಹಳ ಪ್ರಿಯ, ಅದು ಏಳಿಗೆ ಎಂಬ ಮಾತನ್ನು ಹೋಲುತ್ತದೆ. ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು 2008ರ 8ನೇ ತಿಂಗಳ 8ನೇ ತಾರೀಖು ರಾತ್ರಿ 8 ಗಂಟೆಗೆ. ಪಾಶ್ಚಾತ್ಯರಿಗೆ 13 ಆಗದು, ಇಟಲಿಯವರಿಗೆ 17 ಆಗದು.

ಲಿಫ್ಟಿನ ಮಾತು ಬಂದಾಗ ಇನ್ನೊಂದು ವಿಷಯ. ನಮ್ಮಲ್ಲಿ ನೆಲದ ಮೇಲಿನದು ಗ್ರೌಂಡ್ ಫ್ಲೋರ್, ಅದರ ಮೇಲಿನದು ಒಂದನೇ ಮಹಡಿ. ಅಮೆರಿಕ, ಜಪಾನುಗಳಲ್ಲಿ ನೆಲದ್ದೇ ಒಂದನೆಯದು. ಅವರ ಎರಡನೇ ಮಹಡಿ ನಮ್ಮ ಒಂದನೆಯದು.

ಲೆಕ್ಕ ತಪ್ಪಿದ ದಿನ

ಇಲ್ಲಿಯವರೆಗೆ ನಕ್ಕದ್ದಾಯಿತು. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕ ಎಂದುಕೊಂಡರೆ ಏನಾಗಬಹುದು ಎಂಬುದನ್ನೂ ಕೇಳಿ.

1983ರ ಜುಲೈ 23. ಕೆನಡಾ ದೇಶ ಹಳೆಯ ಪೌಂಡಿನ ಅಳತೆಯನ್ನು ಬಿಟ್ಟು ಕಿಲೋಗ್ರಾಂಗೆ ಬದಲಾಗುತ್ತಿದ್ದ ಕಾಲ. ಮಾಂಟ್ರಿಯಲ್‌ನಿಂದ ಹೊರಟ ಒಂದು ಹೊಸ ಬೋಯಿಂಗ್ 767 ವಿಮಾನದಲ್ಲಿ ಇಂಧನ ತೋರಿಸುವ ಮಾಪಕ ಕೆಟ್ಟಿತ್ತು. ಎಷ್ಟು ಇಂಧನ ತುಂಬಬೇಕು ಎಂದು ಕೈಯಲ್ಲೇ ಲೆಕ್ಕ ಹಾಕಿದರು. ಬೇಕಾಗಿದ್ದದ್ದು 22,300 ಕಿಲೋ. ಆದರೆ ಲೆಕ್ಕ ನಡೆದದ್ದು ಪೌಂಡಿನ ಸೂತ್ರದಲ್ಲಿ. ಒಂದು ಕಿಲೋ ಎಂದರೆ ಸುಮಾರು 2.2 ಪೌಂಡು. ಹಾಗಾಗಿ ವಿಮಾನದಲ್ಲಿದ್ದ ಇಂಧನ ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ.

ಸುಮಾರು 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯುತ್ತಾ ಬಂತು. ಸ್ವಲ್ಪ ಹೊತ್ತಿನಲ್ಲಿ ಎರಡೂ ಎಂಜಿನ್ ನಿಂತುಹೋದವು. ವಿಮಾನದಲ್ಲಿದ್ದವರು 69 ಜನ. ಅವರ ಅದೃಷ್ಟಕ್ಕೆ ಕ್ಯಾಪ್ಟನ್‌ಗೆ ಎಂಜಿನ್ನಿಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಅಷ್ಟು ದೊಡ್ಡ ವಿಮಾನವನ್ನು ಗಾಳಿಯಲ್ಲಿ ತೇಲಿಸುತ್ತಾ ತಂದು ಗಿಮ್ಲಿ ಎಂಬಲ್ಲಿದ್ದ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಆ ದಿನ ಅದೇ ಓಟದಾರಿಯ ಮೇಲೆ ಕಾರುಗಳ ರೇಸು ನಡೆದಿತ್ತು, ಮನೆಮಂದಿಯೆಲ್ಲ ನೋಡಲು ಬಂದಿದ್ದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆ ವಿಮಾನಕ್ಕೆ ‘ಗಿಮ್ಲಿ ಗ್ಲೈಡರ್’ ಎಂಬ ಹೆಸರೇ ಬಿತ್ತು.

ಅಲ್ಲಿ ಕಿಲೋ ತಪ್ಪಲ್ಲ, ಪೌಂಡೂ ತಪ್ಪಲ್ಲ. ಯಾವುದೆಂದು ಕೇಳದೇ ಹೋದದ್ದು ತಪ್ಪು. ಪರೀಕ್ಷೆಯಲ್ಲಿ ಉತ್ತರದ ಮುಂದೆ ‘ಕಿ.ಗ್ರಾಂ’, ‘ಮೀಟರ್’ ಎಂದು ಬರೆಯದಿದ್ದರೆ ಮೇಷ್ಟ್ರು ಅರ್ಧ ಅಂಕ ಕಳೆಯುತ್ತಾರೆ ಎಂದು ಗೊಣಗುವ ಮಕ್ಕಳೇ, ಇದನ್ನು ನೆನಪಿಡಿ.

ಮನೆಯೊಳಗಿನ ಹೊರದೇಶ

ಬೇರೆ ಲೆಕ್ಕ ನೋಡಲು ವಿಮಾನವನ್ನೇ ಹತ್ತಬೇಕಿಲ್ಲ. ಅಜ್ಜ-ಅಜ್ಜಿಯ ಪಕ್ಕದಲ್ಲಿ ಕೂತರೂ ಸಾಕು. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ರೂಪಾಯಿಗೆ 100 ಪೈಸೆ ಇರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆಣೆ ಹೋದರೂ ಮಾತು ಹೋಗಲಿಲ್ಲ. 25 ಪೈಸೆ ‘ನಾಲ್ಕಾಣೆ’ಯಾಗಿ, 50 ಪೈಸೆ ‘ಎಂಟಾಣೆ’ಯಾಗಿ ಬಹುಕಾಲ ಉಳಿದವು. ಈಗಲೂ ಪೂರ್ತಿ ನಿಜಕ್ಕೆ ‘ಹದಿನಾರಾಣೆ ನಿಜ’ ಎನ್ನುತ್ತೇವೆ. ಬೆರಳೊಂದಕ್ಕೆ ಮೂರು ಗೆಣ್ಣಿನಂತೆ ಹೆಬ್ಬೆರಳಿನಿಂದ ಮುಟ್ಟುತ್ತಾ ಒಂದೇ ಕೈಯಲ್ಲಿ ಹನ್ನೆರಡು ಎಣಿಸುವುದನ್ನು ಅಜ್ಜಿಯಿಂದ ಕಲಿಯಿರಿ. ಅದನ್ನು ಕಂಡರೆ ಹೊರದೇಶದ ಮಕ್ಕಳು ಬೆರಗಾಗುತ್ತಾರೆ.

ನಾಳೆ ನಿಮ್ಮ ತರಗತಿಗೆ ಹೊರನಾಡಿನ ಹುಡುಗನೋ ಹುಡುಗಿಯೋ ಬಂದು ಸೇರಬಹುದು. ಇಲ್ಲವೇ ನೀವೇ ಹೊರನಾಡಿನ ತರಗತಿಯಲ್ಲಿ ಹೊಸಬರಾಗಬಹುದು. ‘ನೀನು ಬರೆದದ್ದು ತಪ್ಪು’ ಎನ್ನುವ ಬದಲು ‘ನಿಮ್ಮಲ್ಲಿ ಹೇಗೆ ಬರೆಯುತ್ತೀರಿ?’ ಎಂದು ಕೇಳಿದರೆ ಒಂದು ಗೆಳೆತನವೇ ಶುರುವಾಗುತ್ತದೆ. ದೂರದವರಿಗೆ ಬರೆಯುವಾಗ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆಯಿರಿ. ಗಂಟೆಯ ಮುಂದೆ ಯಾವ ದೇಶದ ಗಂಟೆ ಎಂದು ಸೇರಿಸಿ. ಅಳತೆಯ ಮುಂದೆ ಅದರ ಹೆಸರಿರಲಿ.

ಕೊನೆಗೆ ಅಜ್ಜ ಮೊಮ್ಮಕ್ಕಳು ಸೇರಿ ಬಿಡಿಸಲು ಒಂದು ಲೆಕ್ಕ. 25/6 ಎಂದರೆ ಗೊಂದಲವಿಲ್ಲ, 25ನೇ ತಿಂಗಳು ಇಲ್ಲವಲ್ಲ. 7/7 ಎಂದರೂ ಗೊಂದಲವಿಲ್ಲ, ಹೇಗೆ ಓದಿದರೂ ಒಂದೇ. ಹಾಗಾದರೆ ನಮಗೂ ಅಮೆರಿಕದವರಿಗೂ ಗೊಂದಲವಾಗುವ ತಾರೀಖುಗಳು ವರ್ಷಕ್ಕೆ ಎಷ್ಟು? ಪ್ರತಿ ತಿಂಗಳೂ ಮೊದಲ 12 ದಿನ, ಅಂದರೆ 144. ಅದರಲ್ಲಿ 1/1, 2/2 ಹೀಗೆ ಜೋಡಿ ಬರುವ 12ನ್ನು ಕಳೆಯಿರಿ. ಉಳಿಯುವುದು 132 ದಿನ. ಮೂರು ದಿನಕ್ಕೊಂದರಂತೆ ಎಂದಾಯಿತು! ಇವತ್ತಿನ ತಾರೀಖು ಆ ಪಟ್ಟಿಯಲ್ಲಿದೆಯೇ? ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಹೇಳಿ.